ಅವಳ ಅವ್ವನ ಸೈಕಲ್ಲು

ಒಂದು ಪರೀಕ್ಷೆಯಲ್ಲಿ ನನ್ನ ತಾಯಿ ತೀರಿಹೋಗಿದ್ದಾಳೆ ಎಂದು ಹೇಳಿ ನಾನು ಒಳ್ಳೆಯ ದರ್ಜೆ ಪಡೆದಿದ್ದೇನೆ. ಹಾಗೆ ಹೇಳಿದ ಹೊತ್ತಿಗೆ ಅಮ್ಮ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಇದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಕೂತಾಗಲೆಲ್ಲ ನನ್ನನ್ನು ಕೊಂಚ ಒಳ್ಳೆಯವಳಂತೆ ತೋರಿಸುವ ಯಾವುದೋ ಒಂದು ಮಾತು ಮೊದಲ ಸಾಲಿನಲ್ಲೇ ನುಸುಳಿಬಿಡುತ್ತಿತ್ತು. ಅದಕ್ಕೇ ಈ ಸಲ ಕೆಟ್ಟದ್ದನ್ನೇ ಮೊದಲು ಹೇಳಿಬಿಟ್ಟಿದ್ದೇನೆ.

ನಮ್ಮ ಮನೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದ ಕೆ.ಆರ್. ಪುರದ ಕಡೆಗೆ ಹೋಗುವಾಗ ಎಡಕ್ಕೆ ಸಿಗುವ ಒಂದು ಹಳೆಯ ಊರಿನಲ್ಲಿದೆ. ಊರು ಅಂತ ಹೇಳುವುದಷ್ಟೇ. ಈಗ ಅದು ನಾಲ್ಕು ಬೀದಿ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಸಾಲಾಗಿ ಎಂಟು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅಪ್ಪ ಹೋದ ಮೇಲೆ ಮಹಡಿಯ ಮನೆಯಲ್ಲಿ ಉಳಿದವರು ಅಮ್ಮ ಮತ್ತು ನಾನು. ನನ್ನ ಮದುವೆ ಮೂರು ವರ್ಷಕ್ಕೇ ಮುಗಿದಿತ್ತು. ಇಂದಿರಾನಗರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಫೋನು ಎತ್ತುವುದು, ಅರ್ಜಿ ತೆಗೆದುಕೊಳ್ಳುವುದು, ಬಂದವರನ್ನು ಕೂರಿಸುವುದು. ಕಿಟಕಿಯ ಹಿಂದೆ ಕೂತಿರುತ್ತಿದ್ದ ನನ್ನನ್ನು ಬಂದವರು ಕಿಟಕಿಯನ್ನು ನೋಡಿದ ಹಾಗೇ ನೋಡುತ್ತಿದ್ದರು.

ಕೆಳಗಿನ ಸಾಲಿನ ಕೊನೆಯ ಕೋಣೆಗೆ ಯಾದಗಿರಿ ಕಡೆಯಿಂದ ಒಂದು ಸಂಸಾರ ಬಂತು. ಗಂಡ ಸೆಂಟ್ರಿಂಗ್ ಕೆಲಸದವನು. ಹೆಂಡತಿಗೆ ನನ್ನಷ್ಟೇ ವಯಸ್ಸು, ಮೂವತ್ತೊಂದೋ ಮೂವತ್ತೆರಡೋ. ಹತ್ತನೇ ಕ್ಲಾಸು ಪಾಸಾಗಿದ್ದಳು. ಎತ್ತರದ ಹೆಂಗಸು, ನಡೆಯುವಾಗ ತಲೆ ಬಗ್ಗಿಸುತ್ತಿರಲಿಲ್ಲ. ನನ್ನನ್ನು "ಅಕ್ಕಾರ" ಎಂದು ಕರೆಯುತ್ತಿದ್ದಳು. ನಮ್ಮ ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಯಾ ಬೇಕಾದಾಗ ನಾನೇ ಅವಳ ಹೆಸರು ಹೇಳಿ ಸೇರಿಸಿದೆ. ಅಂದಿನಿಂದ ಇಬ್ಬರೂ ದಿನಾ ಬೆಳಿಗ್ಗೆ ಟಿನ್ ಫ್ಯಾಕ್ಟರಿಯಿಂದ ಒಂದೇ ಬಸ್ಸು ಹಿಡಿಯುತ್ತಿದ್ದೆವು. ನಾನು ಕೊಡಿಸಿದ ಕೆಲಸ ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಒಂದು ದಿನವೂ ಮರೆಯಲಿಲ್ಲ.

ಆ ವರ್ಷ ಬಂದ ಹೊಸ ಮುಖ್ಯೋಪಾಧ್ಯಾಯಿನಿ ಪಾಠ ಮಾಡದ ಸಿಬ್ಬಂದಿಯೂ ಇಂಗ್ಲಿಷ್ ಮಾತಾಡಬೇಕು ಎಂದರು. ಶಿವಾಜಿನಗರದ ಕಡೆಯ ಒಂದು ಕೇಂದ್ರ ನಡೆಸುವ ಮಾತಿನ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಬಂದರೆ ನನ್ನನ್ನು ಅಡ್ಮಿಷನ್ ವಿಭಾಗಕ್ಕೆ ಹಾಕುವುದಾಗಿಯೂ, ಅವಳನ್ನು ನರ್ಸರಿಗೆ ಸಹಾಯಕ ಟೀಚರ್ ಮಾಡುವುದಾಗಿಯೂ ಹೇಳಿದರು. ಅಡ್ಮಿಷನ್ ವಿಭಾಗವೆಂದರೆ ಗಾಜಿನ ಬಾಗಿಲಿನ ಕೋಣೆ. ಎದುರಿಗೆ ತಂದೆತಾಯಂದಿರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಆ ಕೋಣೆ ನನಗೆ ಎಷ್ಟು ಬೇಕಾಗಿತ್ತೆಂದರೆ, ಸಂಜೆ ಎಲ್ಲರೂ ಹೋದ ಮೇಲೆ ಒಂದೆರಡು ಸಲ ಅಲ್ಲಿನ ಕುರ್ಚಿಯಲ್ಲಿ ಕೂತು ನೋಡಿದ್ದೆ.

ದಸರಾ ಕಳೆದ ಮೇಲೆ ಇಬ್ಬರೂ ಶನಿವಾರ ಮಧ್ಯಾಹ್ನ ಜೋಗುಪಾಳ್ಯದಲ್ಲಿ ಪಾಠಕ್ಕೆ ಹೋಗತೊಡಗಿದೆವು. ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆ. ಕಲಿಸುವವರು ನಿವೃತ್ತ ಟೀಚರು. ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರು, ಮನೆಮಾತು ತಮಿಳು. ಕನ್ನಡ, ಇಂಗ್ಲಿಷ್, ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ನಡೆಸಬಲ್ಲವರು. ಪರೀಕ್ಷೆಯಲ್ಲಿ ಕೇಳಬಹುದಾದ ವಿಷಯಗಳ ಪಟ್ಟಿಯನ್ನು ಅವರು ಕೊಟ್ಟರು. ನೆರೆಹೊರೆ, ಮಳೆ, ಸೈಕಲ್ಲು, ಬೀಗದ ಕೈ, ಹೀಗೆ ಇಪ್ಪತ್ತಕ್ಕೂ ಹೆಚ್ಚು. ಒಂದು ದಿನ ಬಂದವರಿಗೆಲ್ಲ ಒಂದೇ ವಿಷಯ. ಯಾವುದೆಂದು ಅಲ್ಲಿ ಹೋದ ಮೇಲೇ ಗೊತ್ತಾಗುವುದು.

ಮೊದಲ ದಿನ ಸೈಕಲ್ಲು ತೆಗೆದುಕೊಂಡರು. ಚಿಕ್ಕವರಿದ್ದಾಗ ನಿಮಗೆ ಸೈಕಲ್ ಇತ್ತಾ, ಯಾರು ಕಲಿಸಿದರು, ನಿಮ್ಮ ಊರಿನಲ್ಲಿ ಯಾರು ಸೈಕಲ್ ಹೊಡೆಯುತ್ತಾರೆ, ಇಂಥ ಪ್ರಶ್ನೆಗಳು. ನಾನು ಎದ್ದು ನಿಂತು ಸೈಕಲ್ಲು ಪರಿಸರಕ್ಕೆ ಒಳ್ಳೆಯದು, ಆರೋಗ್ಯಕ್ಕೆ ಒಳ್ಳೆಯದು, ಪೆಟ್ರೋಲ್ ಉಳಿಯುತ್ತದೆ ಎಂದು ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ ಹೇಳಿದೆ.

ಟೀಚರು ಕನ್ನಡಕ ಮೇಲೆ ಮಾಡಿ, "ಏನಮ್ಮಾ ಇದು, ಗೋಡೆ ಮೇಲೆ ಬರೆಸೋ ಬೋರ್ಡಾ? ಗ್ರಾಮರ್ ಎಲ್ಲಾ ಸರಿಯಾಗಿದೆ. ಒಳಗೆ ಮನುಷ್ಯರೇ ಇಲ್ವಲ್ಲಮ್ಮಾ" ಎಂದರು.

ನನ್ನದೂ ಒಂದು ಸೈಕಲ್ಲಿತ್ತು. ಹೈಸ್ಕೂಲಿನಲ್ಲಿದ್ದಾಗ ಅಪ್ಪ ತಂದದ್ದು. ಕಡುನೀಲಿ, ಮುಂದೆ ಬುಟ್ಟಿ. ಮೂರನೆಯ ದಿನ ಹಾಲಿನ ಬೂತಿನ ಮುಂದೆ ಬಿದ್ದೆ, ಕ್ಯೂನಲ್ಲಿ ನಿಂತವರು ನಕ್ಕರು. ಮತ್ತೆ ನಾನು ಅದನ್ನು ಮುಟ್ಟಲಿಲ್ಲ. ವರ್ಷಾನುಗಟ್ಟಲೆ ಅದರ ಮೇಲೆ ಅಮ್ಮ ಕಾಲೊರೆಸುವ ಬಟ್ಟೆ ಒಣಗಿಸುತ್ತಿದ್ದಳು. ಇದನ್ನೇ ಹೇಳಿದ್ದರೆ ಸಾಕಿತ್ತು ಎಂದು ಟೀಚರು ಆಮೇಲೆ ಒಮ್ಮೆ ಹೇಳಿದರು. ನನಗೆ ಆಗ ಇದು ಹೇಳುವಂಥದ್ದು ಅನ್ನಿಸಲೇ ಇಲ್ಲ. ಕೊಡಿಸಿದ ಸೈಕಲ್ಲನ್ನೇ ಕಲಿಯಲಾರದವಳು ಎಂದು ಯಾರು ತಾನೇ ಎದ್ದು ನಿಂತು ಹೇಳುತ್ತಾರೆ?

ಅವಳ ಸರದಿ ಬಂತು. ಸೆರಗು ಸರಿಮಾಡಿಕೊಂಡು ನಿಂತಳು. ಶುರು ಮಾಡುವ ಮೊದಲು ನನ್ನ ಕಡೆ ನೋಡಿದಳು.

"ಮೈ ಮದರ್ ಡೋಂಟ್ ನೋ ಟರ್ನಿಂಗ್" ಎಂದಳು.

ಟೀಚರು ಪೆನ್ನು ಕೆಳಗಿಟ್ಟರು.

ಅವಳು ಇಂಗ್ಲಿಷಿನಲ್ಲಿ ಎಡವುತ್ತಾ, ನಡುವೆ ಕನ್ನಡಕ್ಕೆ ಹೊರಳುತ್ತಾ ಹೇಳಿದ ಕಥೆ ಹೀಗಿದೆ. ಎಂಟನೇ ತರಗತಿಯಲ್ಲಿ ಅವಳಿಗೆ ಶಾಲೆಯಿಂದ ಸೈಕಲ್ ಬಂತು. ಅವಳ ಅವ್ವ ಹತ್ತಿ ಬಿಡಿಸುವ ಕೂಲಿಗೆ ಪಕ್ಕದ ಊರಿಗೆ ನಡೆದು ಹೋಗುತ್ತಿದ್ದಳು. ಒಂದು ದಿನ, ನನಗೂ ಕಲಿಸು ಎಂದಳು. ಮಗಳು ಕಾಲುವೆಯ ಏರಿಯ ಮೇಲೆ, ಜನ ಏಳುವ ಮೊದಲು, ಬೆಳಕು ಹರಿಯುವ ಹೊತ್ತಿಗೆ ಕಲಿಸಿದಳು. ಅವ್ವ ಸೀರೆ ಕಚ್ಚೆ ಹಾಕಿ ಹತ್ತುತ್ತಿದ್ದಳು. ಏರಿ ನೆಟ್ಟಗಿತ್ತು. ಹಾಗಾಗಿ ಅವ್ವ ನೆಟ್ಟಗೆ ಹೋಗುವುದನ್ನು ಕಲಿತಳು, ತಿರುಗಿಸುವುದನ್ನು ಕಲಿಯಲೇ ಇಲ್ಲ. ತಿರುವು ಬಂದಾಗ ಇಳಿಯುತ್ತಿದ್ದಳು, ಎರಡೂ ಕೈಯಿಂದ ಸೈಕಲ್ಲನ್ನು ಎತ್ತಿ ಬೇಕಾದ ದಿಕ್ಕಿಗೆ ಇಟ್ಟು ಮತ್ತೆ ಹತ್ತುತ್ತಿದ್ದಳು. ಪಕ್ಕದ ಊರಿಗೆ ಏಳು ತಿರುವು. ಏಳು ಸಲ ಇಳಿದು ಏಳು ಸಲ ಹತ್ತಿ, ನಡೆಯುವವರಿಗಿಂತ ಮೊದಲೇ ಹೊಲ ಸೇರುತ್ತಿದ್ದಳು. ಮಗಳು ಶಾಲೆಗೆ ನಡೆದು ಹೋಗುತ್ತಿದ್ದಳು, ಏಕೆಂದರೆ ಸೈಕಲ್ ಅವ್ವನ ಹತ್ತಿರ ಇರುತ್ತಿತ್ತು.

"ನೌ ಮೈ ಮದರ್ ಈಸ್ ನಾಟ್ ದೇರ್" ಎಂದು ಮುಗಿಸಿ ಕೂತಳು.

"ಇದು, ಇದು ಆನ್ಸರ್" ಎಂದರು ಟೀಚರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಗ್ರಾಮರ್ ಚೆನ್ನಾಗಿದೆ. ಇವಳಿಗೆ ಸ್ವಲ್ಪ ತಿದ್ದಿಕೊಡಮ್ಮಾ. ಇಬ್ಬರೂ ಸೇರಿ ಪ್ರಾಕ್ಟೀಸ್ ಮಾಡಿ" ಎಂದರು.

ನಾನು ತಲೆಯಾಡಿಸಿ, ಅವಳ ಒಂದೊಂದು ತಪ್ಪನ್ನೂ ಮನಸ್ಸಿನಲ್ಲೇ ಎಣಿಸುತ್ತಾ ಕೂತೆ. ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರಿಡಲು ನನಗೆ ತಿಂಗಳುಗಳು ಬೇಕಾದವು.

ಅವತ್ತಿನಿಂದ ನಾನು ಅವಳ ಕಥೆಯನ್ನು ತಿದ್ದತೊಡಗಿದೆ. ಬಸ್ಸಿನಲ್ಲಿ, ಶಾಲೆಯ ಊಟದ ಬಿಡುವಿನಲ್ಲಿ, ಸಂಜೆ ನಮ್ಮ ತಾರಸಿಯ ಮೇಲೆ. ಅಮ್ಮ ಕಾಫಿ ತಂದುಕೊಟ್ಟು ಇಬ್ಬರನ್ನೂ ನೋಡಿ ನಗುತ್ತಿದ್ದಳು. ನಾನು ಅವಳ ಒಂದೊಂದು ವಾಕ್ಯವನ್ನೂ ಹಿಡಿದು ನಿಲ್ಲಿಸುತ್ತಿದ್ದೆ. ಡೋಂಟ್ ಅಲ್ಲ, ಡಿಡ್ ನಾಟ್. ಗೆಟ್ ಡೌನ್ ಅಲ್ಲ, ವುಡ್ ಗೆಟ್ ಡೌನ್.

"ಅದ್ಯಾಕ್ರಿ ಅಕ್ಕಾರ, ವುಡ್ ಅಂತ?"

"ದಿನಾ ಮಾಡ್ತಿದ್ದಿದ್ದು ಅಂತ ಹೇಳೋಕೆ. ಒಂದೇ ಸಲ ಇಳಿದಿದ್ದಲ್ಲ, ಪ್ರತಿ ಸಲ ಇಳೀತಿದ್ರು. ಹಾಗೆ ಹೇಳೋಕೆ ವುಡ್ ಬೇಕು."

"ಹಂಗಾರ ಛಲೋ ಐತಿ" ಎಂದು ಅವಳು ಆ ಪದವನ್ನು ಹತ್ತು ಸಲ ಹೇಳಿಕೊಂಡಳು.

ಕೊನೆಯ ವಾಕ್ಯಕ್ಕೆ ಮಾತ್ರ ಅವಳು ಒಪ್ಪಲಿಲ್ಲ. ನಾಟ್ ದೇರ್ ಅಂದರೆ ಮನೆಯಲ್ಲಿಲ್ಲ, ಅಂಗಡಿಗೆ ಹೋಗಿದ್ದಾರೆ ಎಂದಾಗುತ್ತದೆ, ಪಾಸ್ಡ್ ಅವೇ ಅನ್ನಬೇಕು ಎಂದೆ. ಅವಳು, "ಇಲ್ಲ ಅಂದ್ರ ಸಾಕಲ್ರಿ. ಇಲ್ಲ ಅಂದ್ರ ಎಲ್ಲಾರಿಗೂ ತಿಳಿತೈತಿ" ಎಂದಳು. ನಾನು ಬಿಡಲಿಲ್ಲ. ತಪ್ಪು ತಪ್ಪೇ ಎಂದೆ. ಕೊನೆಗೆ ಹಾಗೇ ಕಲಿತಳು.

ಹೇಗೆ ಹೇಳಬೇಕೆಂದು ತೋರಿಸಲು ನಾನೇ ಎದ್ದು ನಿಂತು ಪೂರ್ತಿ ಹೇಳುತ್ತಿದ್ದೆ. ಮೈ ಮದರ್ ನೆವರ್ ಲರ್ನ್ಟ್ ಟು ಟರ್ನ್. ನನ್ನ ಬಾಯಲ್ಲಿ ಅದು ಬಹಳ ಚೆನ್ನಾಗಿ ಕೇಳುತ್ತಿತ್ತು. ಅವಳು ಕೈ ಕಟ್ಟಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಂಜೆ, "ನೀವು ಹೇಳಿದ್ರ ನಮ್ಮವ್ವ ಕಣ್ಣಿಗಿ ಕಾಣ್ತಾಳ್ರಿ" ಎಂದು ಕಣ್ಣೊರೆಸಿಕೊಂಡಳು. ಅವಳ ದುಃಖ ನನ್ನ ಮನಸ್ಸಿಗೆ ಇಳಿಯಲಿಲ್ಲ. ನನ್ನ ಉಚ್ಚಾರಣೆಗೆ ಸಿಕ್ಕ ಮೆಚ್ಚುಗೆ ಎಂದು ಅದನ್ನು ಇಟ್ಟುಕೊಂಡೆ.

ಪರೀಕ್ಷೆ ಇದ್ದದ್ದು ಶನಿವಾರ ಬೆಳಿಗ್ಗೆ, ಶಿವಾಜಿನಗರ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಬಂದಿದ್ದವರು ಹದಿನೈದು ಜನ. ಒಬ್ಬರು ಹೊರಗೆ ಬಂದು, ಇವತ್ತಿನ ವಿಷಯ ಸೈಕಲ್ಲು ಎಂದು ಹೇಳಿ ಹೋದರು.

ಅವಳ ಮುಖ ಅರಳಿತು. ನನ್ನ ಕೈ ಹಿಡಿದು, "ಅಕ್ಕಾರ, ನಮ್ಮವ್ವಂದು ಬಂತ್ರಿ" ಎಂದಳು. ನಾನೂ ನಕ್ಕೆ.

ಪಟ್ಟಿಯಲ್ಲಿ ನಾನು ನಾಲ್ಕನೆಯವಳು, ಅವಳು ಐದನೆಯವಳು. ಇನ್ನು ಮುಂದೆ ಹೇಳುವ ಮಾತನ್ನು ನಾನು ಬಹಳ ದಿನ ಮುಚ್ಚಿಟ್ಟೆ. ಗಾಬರಿಯಲ್ಲಿ ಬಾಯಿಗೆ ಬಂದುಬಿಟ್ಟಿತು ಎಂದೇ ಎಲ್ಲರಿಗೂ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಬೆಂಚಿನ ಮೇಲೆ ಅವಳ ಪಕ್ಕದಲ್ಲಿ, ಅವಳ ಕೈ ಇನ್ನೂ ನನ್ನ ಕೈಯಲ್ಲಿರುವಾಗಲೇ, ನಾನು ಮೊದಲು ಹೋಗುತ್ತೇನೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡಿತು. ನನ್ನ ಹತ್ತಿರ ಪರಿಸರ, ಆರೋಗ್ಯ, ಪೆಟ್ರೋಲು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಗೆಳತಿಯ ತಾಯಿ ಎಂದು ಹೇಳಬಹುದಿತ್ತು. ಒಂದೇ ಒಂದು ಪದ ಬದಲಾಯಿಸಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಹಾಗೆ ಹೇಳಿದರೆ ಕಥೆಯ ತೂಕ ಕಡಿಮೆಯಾಗುತ್ತದೆ ಎಂದೂ ಯೋಚಿಸಿದೆ.

ಒಳಗೆ ಇಬ್ಬರಿದ್ದರು. ವಯಸ್ಸಾದ ಒಬ್ಬ ಗಂಡಸು, ನನಗಿಂತ ಚಿಕ್ಕವಳಾದ ಒಬ್ಬ ಹೆಂಗಸು. ಎರಡನೆಯ ಪ್ರಶ್ನೆಗೇ ನಾನು, ಮೈ ಮದರ್ ನೆವರ್ ಲರ್ನ್ಟ್ ಟು ಟರ್ನ್ ಎಂದೆ. ಇಬ್ಬರೂ ತಲೆಯೆತ್ತಿದರು. ಕಾಲುವೆಯ ಏರಿ, ಕಚ್ಚೆ ಹಾಕಿದ ಸೀರೆ, ಏಳು ತಿರುವು. ಯಾದಗಿರಿಯ ಹೆಸರನ್ನು ಮಾತ್ರ ಬಿಟ್ಟು, ನಮ್ಮ ಹಳ್ಳಿ ಎಂದೆ. ಹತ್ತಿ ಗಿಡವನ್ನು ನಾನು ಹತ್ತಿರದಿಂದ ನೋಡಿದವಳೇ ಅಲ್ಲ. ವುಡ್ ಎಲ್ಲಿ ಬರಬೇಕೋ ಅಲ್ಲೆಲ್ಲ ಬಂತು.

ಆ ಹೆಂಗಸು ಮೃದುವಾಗಿ, ನಿಮ್ಮ ತಾಯಿ ಈಗಲೂ ಸೈಕಲ್ ಹೊಡೆಯುತ್ತಾರಾ ಎಂದು ಕೇಳಿದರು.

ಅಲ್ಲಿ ನಾನು ನಿಲ್ಲಿಸಬಹುದಿತ್ತು. ಇಲ್ಲ, ಈಗ ಮೊಣಕಾಲು ನೋವು ಎಂದರೂ ಆಗುತ್ತಿತ್ತು. ನಾನು ಕಲಿಸಿದ ವಾಕ್ಯವನ್ನೇ ಹೇಳಿದೆ. ಶೀ ಪಾಸ್ಡ್ ಅವೇ ಟೂ ಇಯರ್ಸ್ ಎಗೋ. ಅವರು ಸಾರಿ ಎಂದರು. ನಾನು ಥ್ಯಾಂಕ್ ಯೂ ಎಂದೆ.

ಹೊರಗೆ ಬಂದಾಗ ಅವಳು ಎದ್ದು ನಿಂತಿದ್ದಳು. "ಹ್ಯಾಂಗಾತ್ರಿ?" ಎಂದಳು. "ಚೆನ್ನಾಗಾಯ್ತು, ನೀನು ಹೋಗು" ಎಂದೆ. ಆಗಲಾದರೂ ಬೇರೆ ಏನಾದರೂ ಹೇಳು ಎಂದು ತಡೆಯಲು ನನಗೆ ಸಮಯವಿತ್ತು. ಬಾಗಿಲವರೆಗೆ ಅವಳು ಏಳೆಂಟು ಹೆಜ್ಜೆ ನಡೆಯಬೇಕಿತ್ತು.

ಐದು ನಿಮಿಷದಲ್ಲಿ ಬಾಗಿಲು ತೆರೆದು ನನ್ನನ್ನು ಒಳಗೆ ಕರೆದರು. ಅವಳು ಮೇಜಿನ ಮುಂದೆ ನಿಂತಿದ್ದಳು, ಕೂತಿರಲಿಲ್ಲ. ಹಿರಿಯರು ಏನೋ ಬರೆಯುತ್ತಿದ್ದರು. ಆ ಹೆಂಗಸು ನನ್ನನ್ನು ಇಂಗ್ಲಿಷಿನಲ್ಲಿ, ಬೈಯುವ ದನಿಯಲ್ಲಲ್ಲ, ನಯವಾಗಿಯೇ ಕೇಳಿದರು. ನೀವಿಬ್ಬರೂ ಒಂದೇ ಶಾಲೆಯವರಾ?

ಯೆಸ್ ಮೇಡಂ.

ಇವರಿಗೆ ಪ್ರಾಕ್ಟೀಸ್ ಮಾಡಿಸಿದ್ದು ನೀವಾ?

ಯೆಸ್ ಮೇಡಂ.

ಸಹಾಯ ಮಾಡಿದ್ದು ಒಳ್ಳೆಯದೇ. ಆದರೆ ಅವರು ತಮ್ಮದೇ ಕಥೆ ಹೇಳಬೇಕಿತ್ತು, ಅಲ್ಲವಾ?

ಅವಳು ನನ್ನನ್ನು ನೋಡಿದಳು. ಅವಳಿಗೆ ಅಷ್ಟೂ ಇಂಗ್ಲಿಷು ಅರ್ಥವಾಗಿತ್ತು. ನಾನು ಕಲಿಸಿದ್ದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಈಗ ಅಕ್ಕ ಹೇಳುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇನ್ನೂ ಇತ್ತು. ಅದನ್ನು ನಾನು ನೋಡಿದೆ.

"ಯೆಸ್ ಮೇಡಂ" ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು, ಬೇರೆ ಜಾಗ ಇರಲಿಲ್ಲ. ಹಲಸೂರು ದಾಟಿತು, ಇಂದಿರಾನಗರ ದಾಟಿತು. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನಾನು ಮೊಬೈಲು ತೆಗೆದು ಸುಮ್ಮನೆ ಮೇಲೆ ಕೆಳಗೆ ಮಾಡುತ್ತಿದ್ದೆ. ಟಿನ್ ಫ್ಯಾಕ್ಟರಿಯಲ್ಲಿ ಇಳಿದು ರಸ್ತೆ ದಾಟಲು ನಿಂತಾಗ ಅವಳು ಮೊದಲ ಸಲ ಬಾಯಿ ತೆರೆದಳು.

"ಅವ್ವನ ಹೆಸರು ಏನಂತ ಕೇಳಿದ್ರ ಏನ್ ಹೇಳ್ತಿದ್ರಿ?"

ಎರಡು ತಿಂಗಳು ಆ ತಾಯಿಯ ಬಗ್ಗೆ ಪ್ರತಿ ವಾಕ್ಯವನ್ನೂ ತಿದ್ದಿದ್ದೆ, ಹೆಸರು ಕೇಳಿರಲಿಲ್ಲ. ಅವಳು ಉತ್ತರಕ್ಕೆ ಕಾಯಲಿಲ್ಲ. ಸಿಕ್ಕ ಸಂದಿನಲ್ಲಿ ರಸ್ತೆ ದಾಟಿ ಹೋದಳು.

ಮನೆಗೆ ಬಂದರೆ ಅಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿ ಕಾಯುತ್ತಿದ್ದಳು. "ಹೇಗಾಯ್ತೆ?" ಎಂದಳು. ಚೆನ್ನಾಗಾಯ್ತು ಎಂದೆ. ನನಗಿಷ್ಟವೆಂದು ಎರಡನೆಯ ಸಲವೂ ಬಡಿಸಿದಳು. ಬಡಿಸುವ ಅವಳ ಕೈಯನ್ನು ನೋಡಲಾಗದೆ ನಾನು ತಟ್ಟೆಯನ್ನೇ ನೋಡುತ್ತಾ ಉಂಡೆ.

ಎರಡು ವಾರಕ್ಕೆ ಫಲಿತಾಂಶ ಬಂತು. ನನಗೆ ಮೇಲಿನ ದರ್ಜೆ. ಅವಳ ಹಾಳೆಯಲ್ಲಿ ಅಂಕದ ಪಕ್ಕ ಒಂದು ಪದ ಬರೆದಿತ್ತು. ಅವಳು ಅದನ್ನು ನನ್ನ ಕಿಟಕಿಗೆ ತಂದು, ಆ ಪದದ ಮೇಲೆ ಬೆರಳಿಟ್ಟು, "ಇದು ಏನ್ರಿ ಮೇಡಂ?" ಎಂದಳು. ಮೇಡಂ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು.

"ಬಾಯಿಪಾಠ ಮಾಡಿದ್ದು ಅಂತ."

"ಹೌದ್ರಿ?" ಎಂದು ಹಾಳೆ ಮಡಚಿಕೊಂಡು ಮಕ್ಕಳ ಕಡೆ ಹೋದಳು. ಅವಳಿಗೆ ನಿಜವಾಗಿ ಅರ್ಥ ಗೊತ್ತಿರಲಿಲ್ಲವೋ, ನನ್ನ ಬಾಯಿಂದಲೇ ಹೇಳಿಸಬೇಕೆಂದು ಬಂದಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಗಾಜಿನ ಬಾಗಿಲಿನ ಕೋಣೆಗೆ ಹೋದೆ. ಮೂರು ವಾರ ಅಲ್ಲಿ ಕೂತೆ. ಆ ಬಾಗಿಲಿನಿಂದ ನರ್ಸರಿಯ ಹೊರಗಿನ ಕೈತೊಳೆಯುವ ತೊಟ್ಟಿ ಕಾಣುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಅವಳು ಅಲ್ಲಿ ಮಕ್ಕಳ ಕೈ ತೊಳೆಸುತ್ತಾ, ತಲೆಯೆತ್ತಿದರೆ ನನ್ನನ್ನು ನೋಡಬೇಕಾದೀತೆಂದು ತಲೆಯೆತ್ತದೆ ಇರುತ್ತಿದ್ದಳು. ಬೆಳಿಗ್ಗೆ ನನಗಿಂತ ಒಂದು ಬಸ್ಸು ಮೊದಲೇ ಹೋಗಿಬಿಡುತ್ತಿದ್ದಳು.

ಒಂದು ಭಾನುವಾರ ಅಮ್ಮ ತಾರಸಿಯಲ್ಲಿ ಬಟ್ಟೆ ಹರವುತ್ತಾ, "ಆ ಹುಡುಗಿ ಯಾಕೆ ಈಗ ಮೇಲಕ್ಕೇ ಬರಲ್ಲ? ಏನಾದ್ರೂ ಅಂದ್ಯಾ?" ಎಂದು ಕೇಳಿದಳು. ನಾನು ಏನೂ ಇಲ್ಲ ಎಂದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಬಂದು ನನ್ನ ಎದುರಿಗೆ ಕೂತಳು. ನಾನು ಹೇಳಿದೆ. ಹೇಳುವಾಗಲೂ, ಗಾಬರಿಯಾಯಿತು, ಬಾಯಿಗೆ ಬಂದುಬಿಟ್ಟಿತು ಎಂದೇ ಶುರು ಮಾಡಿದೆ. ಕೊನೆಗೆ, ನೀನು ಸತ್ತೋಗಿದ್ದೀಯ ಅಂದೆ ಎಂದೆ.

ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನನ್ನ ಸಾಯ್ಸಿದ್ದಕ್ಕೆ ಬೇಜಾರಿಲ್ಲ ಕಣೆ, ನಾನು ಇಲ್ಲೇ ಇದ್ದೀನಲ್ಲ" ಎಂದಳು. "ಅವಳಿಗೆ ಅವರಮ್ಮ ಅಂತ ಉಳಿದಿದ್ದು ಆ ಮಾತಷ್ಟೇ. ಅದನ್ನೂ ತಗೊಂಡ್ಬಿಟ್ಯಲ್ಲ."

ಆಮೇಲೆ, ಆ ಅವ್ವ ಸೈಕಲ್ಲು ಹೇಗೆ ಹೊಡೆಯುತ್ತಿದ್ದಳೆಂದು ಕೇಳುತ್ತಾಳೇನೋ ಎಂದುಕೊಂಡು ನಾನು ಶುರು ಮಾಡಿದೆ. ಅಮ್ಮ ಕೈ ಅಡ್ಡ ಹಿಡಿದಳು. "ಬೇಡ. ನೀನು ಹೇಳ್ಬೇಡ" ಎಂದು ಎದ್ದು ಮತ್ತೆ ಬಟ್ಟೆ ಹರವತೊಡಗಿದಳು.

ಮರುದಿನ ರಜೆ ಹಾಕಿ ಜೋಗುಪಾಳ್ಯಕ್ಕೆ ಹೋದೆ. ಟೀಚರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಪೇಪರು, ಪೆನ್ನು ಮುಂದಿಟ್ಟು, "ಕೇಂದ್ರಕ್ಕೆ ಬರಿ" ಎಂದರು. ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಇನ್ನೊಬ್ಬ ಅಭ್ಯರ್ಥಿಯ ಉತ್ತರವು ಪರೀಕ್ಷೆಯಲ್ಲಿ ಬಳಸಲ್ಪಟ್ಟಿತು, ಇದರಿಂದ ತಪ್ಪು ತಿಳಿವಳಿಕೆ ಉಂಟಾಯಿತು ಎಂಬ ಅರ್ಥದ್ದು. ಟೀಚರು ಓದಿದರು.

"ಬಳಸಲ್ಪಟ್ಟಿತು. ಯಾರಿಂದಮ್ಮಾ?"

"ನನ್ನಿಂದ."

"ಅದು ಎಲ್ಲಿ ಇದರಲ್ಲಿ? ವಾಕ್ಯ ಅಂದ್ರೆ ಮಾಡಿದವರು ಮುಂದೆ ಇರಬೇಕು. ಐ ಅಂತ ಶುರು ಮಾಡು."

ಎರಡನೆಯ ಸಲ ಬರೆದೆ. ಅದರಲ್ಲಿ ನಾನು ಇದ್ದೆ, ಆದರೆ ಗಾಬರಿಯೂ ಇತ್ತು, ಒತ್ತಡವೂ ಇತ್ತು, ಉದ್ದೇಶವಿರಲಿಲ್ಲ ಎಂಬುದೂ ಇತ್ತು. ಟೀಚರು ಪೆನ್ಸಿಲ್ಲಿನಿಂದ ಒಂದೊಂದಕ್ಕೂ ಗೆರೆ ಎಳೆದು, "ಇದು ನಿಜಾನಾ? ಇದು?" ಎಂದು ಕೇಳುತ್ತಾ ಹೋದರು. ನಾನು ಅಳತೊಡಗಿದೆ. ಅವರು ಅಳು ಮುಗಿಯುವವರೆಗೆ ಕಾದು ಹೊಸ ಹಾಳೆ ಕೊಟ್ಟರು. ಮೂರನೆಯದರಲ್ಲಿ ಐದೇ ಸಾಲಿತ್ತು. ಅದು ಅವಳ ತಾಯಿಯ ಕಥೆ. ಅವಳು ನಂಬಿ ನನಗೆ ಹೇಳಿದ್ದಳು. ನಾನು ಬೇಕೆಂದೇ ಅದನ್ನು ನನ್ನದೆಂದು ಹೇಳಿದೆ. ನೀವು ಕೇಳಿದಾಗಲೂ ಸುಳ್ಳು ಹೇಳಿದೆ. ನನ್ನ ತಾಯಿ ಬದುಕಿದ್ದಾಳೆ.

ಪತ್ರವನ್ನು ಕೇಂದ್ರಕ್ಕೂ ಮುಖ್ಯೋಪಾಧ್ಯಾಯಿನಿಗೂ ಕೊಟ್ಟೆ. ಕೇಂದ್ರದವರು ನನ್ನ ಪ್ರಮಾಣಪತ್ರವನ್ನು ರದ್ದು ಮಾಡಿ, ಅವಳು ಮತ್ತೊಮ್ಮೆ ಬರಬಹುದು ಎಂದು ಎರಡು ಸಾಲು ಕಳಿಸಿದರು. ಮುಖ್ಯೋಪಾಧ್ಯಾಯಿನಿ ನನ್ನನ್ನು ಹೊರಗೆ ಅರ್ಧ ಗಂಟೆ ನಿಲ್ಲಿಸಿ, ಒಳಗೆ ಕರೆದು, ನಾಳೆಯಿಂದ ಹಳೆಯ ಜಾಗದಲ್ಲೇ ಕೂರಿ ಎಂದರು. ಕೆಲಸ ಉಳಿಯಿತು. ಶಾಲೆಯಲ್ಲಿ ಸುದ್ದಿ ಹರಡಲು ಮಧ್ಯಾಹ್ನದ ಊಟದವರೆಗೂ ಬೇಕಾಗಲಿಲ್ಲ. ಕೆಲವರು ನಾನು ಬಂದಾಗ ಮಾತು ನಿಲ್ಲಿಸುತ್ತಿದ್ದರು, ಅದನ್ನು ಸಹಿಸಬಹುದಿತ್ತು. ಒಬ್ಬ ಟೀಚರು ಭುಜ ತಟ್ಟಿ, "ಒಪ್ಪಿಕೊಂಡ್ರಲ್ಲ, ದೊಡ್ಡ ಮನಸ್ಸು ನಿಮ್ದು" ಎಂದರು. ಅವತ್ತು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಿದ್ದೆ.

ಅವಳ ಕೋಣೆಗೆ ಹೋದದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ಹೋಗಬೇಕಾದದ್ದು ಅಲ್ಲಿಗೆ. ಸಂಜೆ ಆರರ ಹೊತ್ತು, ಅವಳು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು, ತಪ್ಪಾಯಿತು ಎಂದೆ. ಪತ್ರದ ಪ್ರತಿಯನ್ನು ಕೊಟ್ಟೆ. ಕೈಯ ಹಿಟ್ಟು ಒರೆಸಿಕೊಂಡು ಓದಿದಳು. ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದಳು, ಯಾವ ಪದವನ್ನೂ ನನ್ನನ್ನು ಕೇಳಲಿಲ್ಲ.

"ಬರೋಬ್ಬರಿ ಬರ್ದೀರಿ" ಎಂದಳು.

"ನಿನಗೆ ಇನ್ನೊಂದು ಸಲ ಕರೀತಾರೆ. ಈ ಸಲ ಸೈಕಲ್ಲೇ ಬಂದ್ರೂ ನೀನು ಧೈರ್ಯವಾಗಿ ಹೇಳ್ಬೋದು. ಎಲ್ಲರಿಗೂ ಗೊತ್ತಾಗಿದೆ."

ಅವಳು ತಲೆಯಾಡಿಸಿದಳು. ಒಲೆಯ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು.

"ಅದನ್ನ ಇನ್ ಇಂಗ್ಲಿಷ್‍ನ್ಯಾಗ ಹೇಳಾಂಗಿಲ್ರಿ. ಹೇಳಾಕ ಹೋದ್ರ ನಿಮ್ಮ ದನಿ ಕೇಳ್ತೈತಿ ನಂಗ. ವುಡ್ ವುಡ್ ಅಂತ. ನಮ್ಮವ್ವ ಕಾಣಂಗಿಲ್ಲ."

ನಾನು ನಿಂತೇ ಇದ್ದೆ. ಅವಳು ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ನಾನು ಮೆಟ್ಟಿಲು ಹತ್ತಿ ಮನೆಗೆ ಬಂದೆ.

ಫೆಬ್ರವರಿ ಕೊನೆಯಲ್ಲಿ ಅವಳು ಮತ್ತೆ ಪರೀಕ್ಷೆಗೆ ಹೋದಳು. ಅಷ್ಟು ದಿನವೂ ಒಬ್ಬಳೇ ಜೋಗುಪಾಳ್ಯಕ್ಕೆ ಹೋಗಿ ಟೀಚರ ಹತ್ತಿರ ಕಲಿತಳು. ಬಂದ ವಿಷಯ ಮಳೆ. ಏನು ಹೇಳಿದಳೆಂದು ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ಮಧ್ಯಮ ದರ್ಜೆ ಬಂತು, ಅದೇ ಸಾಕಾಯಿತು. ಮೇ ತಿಂಗಳಲ್ಲಿ ಅವರು ನಮ್ಮ ಕೋಣೆ ಬಿಟ್ಟು ಮರ್ಫಿ ಟೌನಿಗೆ ಹೋದರು. ಶಾಲೆಗೆ ಹತ್ತಿರವಾಗುತ್ತದೆ ಎಂದು ಅವಳ ಗಂಡ ಹೇಳಿದ. ಹೊರಡುವ ದಿನ ಅವಳು ಮೇಲೆ ಬಂದು ಅಮ್ಮನಿಗೆ ನಮಸ್ಕಾರ ಮಾಡಿದಳು. ಅಡುಗೆಮನೆಯಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ನಡುಮನೆಯಲ್ಲೇ ಕೂತಿದ್ದೆ. ಒಮ್ಮೆ ಅಮ್ಮ ಜೋರಾಗಿ ನಕ್ಕದ್ದು ಕೇಳಿಸಿತು. ಏನೆಂದು ಅಮ್ಮ ನನಗೆ ಹೇಳಲಿಲ್ಲ.

ಈಗ ಅವಳು ನರ್ಸರಿಯಲ್ಲಿ ಸಹಾಯಕ ಟೀಚರು. ಸಿಕ್ಕಾಗ ನಮಸ್ಕಾರ ಮೇಡಂ ಎನ್ನುತ್ತಾಳೆ, ನಾನೂ ನಮಸ್ಕಾರ ಎನ್ನುತ್ತೇನೆ. ಹೋದ ತಿಂಗಳು ಒಬ್ಬ ತಾಯಿ ನನ್ನ ಕಿಟಕಿಯ ಹತ್ತಿರವೇ ನಿಂತು ಅವಳೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮಗುವಿಗೆ ಕ್ಲಾಸಿನಲ್ಲಿ ಏನಾಯಿತು ಎಂದು ಅವಳು ವಿವರಿಸುತ್ತಿದ್ದಳು. ಕ್ರಿಯಾಪದಗಳ ಕಾಲಗಳೆಲ್ಲ ಅಡ್ಡಾದಿಡ್ಡಿ, ಆದರೆ ಆ ತಾಯಿ ತಲೆಯಾಡಿಸುತ್ತಾ ಕೇಳುತ್ತಿದ್ದರು. ನಡುವೆ ಒಂದು ಪದಕ್ಕೆ ಅವಳು ತಡವರಿಸಿದಳು. ಕಣ್ಣು ಹಳೆಯ ಅಭ್ಯಾಸದಂತೆ ಕಿಟಕಿಯ ಕಡೆ ಬಂತು. ಪದ ನನ್ನ ನಾಲಿಗೆಯ ತುದಿಯಲ್ಲಿತ್ತು, ನಾನು ಬಾಯಿ ತೆರೆದೂ ಇದ್ದೆ. ಅವಳು ಮುಖ ತಿರುಗಿಸಿಕೊಂಡು, ಕೈಯಿಂದ ಮಾಡಿ ತೋರಿಸಿ, ಬೇರೆ ಪದ ಹೇಳಿ ಮುಗಿಸಿದಳು.